ಹಳೆಯ ಧಾಟಿಯ ಓವರ್‌ಡ್ರೈವ್ ಪೆಡಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ನಾಬ್, ಕಾಲಿನಿಂದ ಒತ್ತುವ ಒಂದು ಸ್ವಿಚ್, ಒಂದು ಪುಟ್ಟ ದೀಪ. ಗಿಟಾರಿಗೂ ಅದರ ಸದ್ದು ಹೆಚ್ಚಿಸುವ ಆಂಪಿಗೂ ನಡುವೆ ಕೂತು ನಾದವನ್ನು ಒರಟು ಮಾಡುವ ಡಬ್ಬಿ ಇದು. ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಈ ಡಬ್ಬಿಯ ಬಗ್ಗೆ ವಾದಿಸುವಷ್ಟು ಗಿಟಾರಿನ ಬಗ್ಗೆಯೂ ವಾದಿಸುವುದಿಲ್ಲ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಈಗಷ್ಟೇ ಪೆಡಲ್ ಕೊಂಡವರು ಮೇಲಿನಿಂದ ಓದಿ. ಸೋಲ್ಡರಿಂಗ್ ಐರನ್ ಬಿಸಿ ಮಾಡಿಕೊಂಡು ಕುಳಿತವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಓವರ್‌ಡ್ರೈವ್, ಡಿಸ್ಟಾರ್ಷನ್, ಫಝ್: ಮೂರೂ ಸದ್ದನ್ನು ಕೆಡಿಸುವುದೇ ತಾನೇ? ವ್ಯತ್ಯಾಸವೇನು?

ಕೆಡಿಸುವುದೇ, ಆದರೆ ಕೆಡಿಸುವ ಬಗೆ ಬೇರೆ. ಮೂರೂ ಗಿಟಾರಿನಿಂದ ಬಂದ ತರಂಗವನ್ನು ಹಿಗ್ಗಿಸಿ ಅದರ ನೆತ್ತಿಯನ್ನು ಕತ್ತರಿಸುತ್ತವೆ. ಓವರ್‌ಡ್ರೈವ್ ನೆತ್ತಿಯನ್ನು ದುಂಡಗೆ ಒತ್ತುತ್ತದೆ. ಮೆಲ್ಲಗೆ ಮೀಟಿದರೆ ಬಹುಮಟ್ಟಿಗೆ ತಿಳಿಯಾದ ನಾದ, ಬಲವಾಗಿ ಮೀಟಿದರೆ ಒರಟು. ಡಿಸ್ಟಾರ್ಷನ್ ನೆತ್ತಿಯನ್ನು ಚಪ್ಪಟೆಯಾಗಿ ಕೊಯ್ಯುತ್ತದೆ. ಅಲ್ಲಿ ಮೀಟಿನ ಬಲ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಫಝ್ ತರಂಗವನ್ನು ಹೆಚ್ಚುಕಡಿಮೆ ಚೌಕವನ್ನಾಗಿಯೇ ಮಾಡಿಬಿಡುತ್ತದೆ. ಮೂವರಲ್ಲಿ ಫಝ್ ಹಿರಿಯಣ್ಣ: ಮೈಸ್ಟ್ರೋ ಎಫ್‌ಝಡ್-1 ಮಾರುಕಟ್ಟೆಗೆ ಬಂದದ್ದು 1962ರಲ್ಲಿ. ಗಡಿಗಳು ಗಟ್ಟಿಯಾಗಿಲ್ಲ. ಡಿಸ್ಟಾರ್ಷನ್ ಎಂಬ ಹೆಸರಿನ ಕೆಲವು ಪೆಡಲ್‌ಗಳು ಓವರ್‌ಡ್ರೈವ್‌ಗಳಿಗಿಂತ ಸೌಮ್ಯವಾಗಿರುತ್ತವೆ. ಹೆಸರನ್ನು ನಂಬುವುದಕ್ಕಿಂತ ಕಿವಿಯನ್ನು ನಂಬುವುದು ಮೇಲು.

ವಿಂಟೇಜ್ ಶೈಲಿ ಎನ್ನುತ್ತಾರಲ್ಲ, ಯಾವ ಕಾಲದ ಹಳೆಯದು?

ಇದರಲ್ಲಿ ಎರಡು ಹಳತುಗಳು ಬೆರೆತಿವೆ. ಮೊದಲನೆಯದು 1950–60ರ ದಶಕಗಳ ಟ್ಯೂಬ್ ಆಂಪ್, ಅಂದರೆ ಗಾಜಿನ ನಿರ್ವಾತ ಕೊಳವೆಗಳಿಂದ ನಡೆಯುವ ಆಂಪ್. ಅದರ ವಾಲ್ಯೂಮನ್ನು ಮಿತಿ ಮೀರಿ ಏರಿಸಿದಾಗ ಹೊರಡುತ್ತಿದ್ದ ಒರಟು, ಬೆಚ್ಚನೆಯ ನಾದವನ್ನೇ ಎಲ್ಲ ಓವರ್‌ಡ್ರೈವ್‌ಗಳೂ ಬೆನ್ನಟ್ಟುವುದು. ಎರಡನೆಯದು, ಆ ನಾದವನ್ನು ಕಡಿಮೆ ಸದ್ದಿನಲ್ಲಿ ಹೊರಡಿಸಲು ಹುಟ್ಟಿದ ಪೆಡಲ್‌ಗಳು: 1977ರ ಬಾಸ್ (Boss) ಕಂಪನಿಯ ಓಡಿ-1, 1979ರ ಸುಮಾರಿಗೆ ಬಂದ ಐಬನೆಜ್ ಟ್ಯೂಬ್ ಸ್ಕ್ರೀಮರ್ ಟಿಎಸ್808, 1981ರ ಬಾಸ್ ಎಸ್‌ಡಿ-1, 1982ರ ಟಿಎಸ್9. ಟಿಎಸ್808 ಐಬನೆಜ್ ಹೆಸರಿನಲ್ಲಿ ಮಾರಾಟವಾದರೂ ಅದನ್ನು ವಿನ್ಯಾಸ ಮಾಡಿ ತಯಾರಿಸಿದ್ದು ಜಪಾನಿನ ಮ್ಯಾಕ್ಸನ್; ವಿನ್ಯಾಸಕರು ಸುಸುಮು ತಮುರಾ.

ಇಂದು ವಿಂಟೇಜ್ ಶೈಲಿ ಎಂದು ಬರುವ ಪೆಡಲ್‌ಗಳಲ್ಲಿ ಬಹಳಷ್ಟು ಈ ಎರಡನೆಯ ಗುಂಪಿನ ಮಕ್ಕಳು, ಮೊಮ್ಮಕ್ಕಳು. ಅಂದರೆ ನಕಲಿನ ನಕಲು. ಹೀಗೆಂದದ್ದು ಹಳಿಯುವುದಕ್ಕಲ್ಲ: ಟ್ಯೂಬ್ ಆಂಪನ್ನು ಅನುಕರಿಸಲು ಹೊರಟು ಸೋತ ಡಬ್ಬಿಯೊಂದು ತನ್ನದೇ ನಾದವನ್ನು ಕಂಡುಕೊಂಡಿತು, ಜನ ಅದನ್ನೇ ಮೆಚ್ಚಿದರು.

ಮೂರು ನಾಬ್ ಇವೆ. ಎಲ್ಲಿಂದ ಶುರು ಮಾಡಲಿ?

ಲೆವೆಲ್‌ನಿಂದ, ಅಂದರೆ ಹೊರಬರುವ ಸದ್ದಿನ ಪ್ರಮಾಣದ ನಾಬಿನಿಂದ. ಹೊಸಬರು ಮೊದಲು ಒರಟುತನ ಏರಿಸುವ ಡ್ರೈವ್ ನಾಬಿಗೆ ಕೈ ಹಾಕುತ್ತಾರೆ, ಅದನ್ನು ಪೂರ್ತಿ ತಿರುಗಿಸುತ್ತಾರೆ, ಆಮೇಲೆ ಎಲ್ಲವೂ ಕಲಸಿಹೋಯಿತೆಂದು ಪೆಡಲನ್ನು ಬೈಯುತ್ತಾರೆ. ಡ್ರೈವನ್ನು ಕಾಲು ಭಾಗದಲ್ಲಿಡಿ, ಟೋನನ್ನು ನಡುವೆ. ಈಗ ಪೆಡಲನ್ನು ಹಾಕಿ, ತೆಗೆದು ಮಾಡುತ್ತಾ, ಎರಡೂ ಸ್ಥಿತಿಯಲ್ಲಿ ಸದ್ದಿನ ಪ್ರಮಾಣ ಸಮವಾಗುವ ತನಕ ಲೆವೆಲ್ ಹೊಂದಿಸಿ. ಸದ್ದು ಜೋರಾದರೆ ಕಿವಿ ಅದನ್ನೇ ಚೆನ್ನಾಗಿದೆ ಎಂದು ತಿಳಿಯುತ್ತದೆ. ಸಮ ಮಾಡಿಕೊಂಡರೆ ಮಾತ್ರ ಪೆಡಲ್ ನಾದಕ್ಕೆ ಏನು ಮಾಡುತ್ತಿದೆ ಎಂಬುದು ಗೊತ್ತಾಗುತ್ತದೆ. ಆಮೇಲೆ ಟೋನ್. ಕೊನೆಗೆ ಡ್ರೈವ್, ಅದೂ ಬೇಕೆನಿಸಿದ್ದಕ್ಕಿಂತ ಒಂದು ಗೆರೆ ಕಡಿಮೆ.

ನನ್ನದು ಸಣ್ಣ ಟ್ರಾನ್ಸಿಸ್ಟರ್ ಆಂಪ್. ಟ್ಯೂಬ್ ಆಂಪ್ ಇಲ್ಲದೆ ಈ ಪೆಡಲ್ ಕೊಂಡರೆ ದಂಡವೇ?

ದಂಡವಲ್ಲ. ಆದರೆ ಪೆಡಲ್‌ನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಟ್ಯೂಬ್ ಆಂಪ್ ಒಡೆಯುವ ಅಂಚಿನಲ್ಲಿರುವಾಗ ಪೆಡಲ್‌ನಿಂದ ಬಂದ ಹೆಚ್ಚಿನ ಸಿಗ್ನಲ್ ಅದನ್ನು ಅಂಚಿನಿಂದ ಆಚೆ ತಳ್ಳುತ್ತದೆ. ಆಗ ನಾವು ಕೇಳುವ ಒರಟುತನದಲ್ಲಿ ಪೆಡಲಿನದೊಂದು ಪಾಲು, ಆಂಪಿನದೊಂದು ಪಾಲು. ಟ್ರಾನ್ಸಿಸ್ಟರ್ ಆಂಪನ್ನು ಹೀಗೆ ತಳ್ಳಿದರೆ ಕೇಳಲಾಗದ ಕರಕರ ಬರುವುದೇ ಹೆಚ್ಚು. ಆದ್ದರಿಂದ ಆಂಪನ್ನು ಶುದ್ಧ ಚಾನೆಲ್‌ನಲ್ಲಿಟ್ಟು, ಒರಟುತನವನ್ನೆಲ್ಲ ಪೆಡಲ್‌ನಿಂದಲೇ ಪಡೆಯಿರಿ. ಡ್ರೈವ್ ನಡುವಿನಿಂದ ಮೇಲೆ, ಲೆವೆಲ್ ಸಮ, ಆಂಪಿನ ಟ್ರೆಬಲ್ ತುಸು ಕೆಳಗೆ.

ಯಾವ ಅಡಾಪ್ಟರ್ ಹಾಕಬೇಕು? ಕೈಗೆ ಸಿಕ್ಕಿದ್ದನ್ನು ಹಾಕಬಹುದೇ?

ಬೇಡ. ಈ ಬಗೆಯ ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್ ಡಿಸಿ ಬೇಕು, ಪಿನ್ನಿನ ನಡುಭಾಗ ಋಣ, ಹೊರಭಾಗ ಧನ. ಮನೆಯ ಇತರ ಉಪಕರಣಗಳ ಅಡಾಪ್ಟರ್‌ಗಳಲ್ಲಿ ಬಹುತೇಕ ಇದು ತಿರುಗುಮುರುಗಾಗಿರುತ್ತದೆ. ಪೆಡಲ್‌ನ ಮೇಲಿನ ಚಿತ್ರವನ್ನೂ ಅಡಾಪ್ಟರ್ ಮೇಲಿನ ಚಿತ್ರವನ್ನೂ ಹೋಲಿಸಿ ನೋಡಿ. ಕರೆಂಟಿನ ಬಗ್ಗೆ ಚಿಂತೆ ಬೇಡ. ಇಂತಹ ಸರ್ಕ್ಯೂಟ್ ಕೆಲವೇ ಮಿಲಿಆಂಪಿಯರ್ ಎಳೆಯುತ್ತದೆ, ಅಡಾಪ್ಟರ್ ಎಷ್ಟು ಹೆಚ್ಚು ಕೊಡಬಲ್ಲದಾದರೂ ತೊಂದರೆಯಿಲ್ಲ.

ಎರಡು ಅಪವಾದಗಳು. ಎಸಿಎ ಎಂದು ಗುರುತಿರುವ ಹಳೆಯ ಬಾಸ್ ಪೆಡಲ್‌ಗಳು 12 ವೋಲ್ಟಿನ ಹಳೆಯ ಮಾದರಿಯ ಅಡಾಪ್ಟರ್‌ಗೆಂದು ಮಾಡಿದವು; ಈಗಿನ 9 ವೋಲ್ಟ್ ಕೊಟ್ಟರೆ ದೀಪವೂ ಮಂಕು, ಸದ್ದೂ ಮಂಕು. ಇನ್ನು ಜರ್ಮೇನಿಯಂ ಟ್ರಾನ್ಸಿಸ್ಟರಿನ ಕೆಲವು ಫಝ್‌ಗಳಲ್ಲಿ ಗ್ರೌಂಡೇ ಧನ. ಅವನ್ನು ಓವರ್‌ಡ್ರೈವ್ ಜೊತೆ ಒಂದೇ ಕವಲು ತಂತಿಗೆ ಸೇರಿಸಿದರೆ ಶಾರ್ಟ್ ಆಗುತ್ತದೆ.

ಪೆಡಲ್ ಆಫ್ ಮಾಡಿಟ್ಟರೂ ಬ್ಯಾಟರಿ ಖಾಲಿಯಾಗುತ್ತದೆ. ಕೆಟ್ಟಿದೆಯೇ?

ಕೆಟ್ಟಿಲ್ಲ. ಬ್ಯಾಟರಿಯ ನಿಜವಾದ ಸ್ವಿಚ್ ಇರುವುದು ಗಿಟಾರ್ ಕೇಬಲ್ ಚುಚ್ಚುವ ಇನ್‌ಪುಟ್ ಜ್ಯಾಕ್‌ನಲ್ಲಿ. ಕಾಲಿನ ಸ್ವಿಚ್‌ಗೂ ಬ್ಯಾಟರಿಗೂ ಸಂಬಂಧವಿಲ್ಲ. ನುಡಿಸಿದ ಮೇಲೆ ಕೇಬಲ್ ಕಿತ್ತಿಡಿ.

## ನುಡಿಸುವಾಗ

ಒಬ್ಬನೇ ನುಡಿಸಿದರೆ ಮೂಗಿನಲ್ಲಿ ಹಾಡಿದಂತೆ ಕೇಳಿಸುತ್ತದೆ. ಎಲ್ಲರೂ ಇದನ್ನೇಕೆ ಹೊಗಳುತ್ತಾರೆ?

ಇದು ಟ್ಯೂಬ್ ಸ್ಕ್ರೀಮರ್ ವಂಶದ ಬಗ್ಗೆ ಎಲ್ಲಕ್ಕಿಂತ ಹೆಚ್ಚಾಗಿ ಬರುವ ದೂರು, ಮತ್ತು ದೂರು ನಿಜ. ಆ ಸರ್ಕ್ಯೂಟಿನಲ್ಲಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ಇಳಿಯುತ್ತ ಹೋದಂತೆ ಕಡಿಮೆ ಹಿಗ್ಗುತ್ತವೆ. ಅದರ ಮುಂದಿನ ಹಂತದಲ್ಲಿ ಹೆಚ್ಚುಕಡಿಮೆ ಅದೇ 720ರ ಆಸುಪಾಸಿನಿಂದ ಮೇಲಿನ ಟ್ರೆಬಲನ್ನು ಇಳಿಸಲಾಗುತ್ತದೆ. ಬೇಸ್ ಸೊರಗಿತು, ಟ್ರೆಬಲ್ ತಗ್ಗಿತು, ನಡುಭಾಗ ಉಬ್ಬಿ ನಿಂತಿತು. ಕೋಣೆಯಲ್ಲಿ ಒಬ್ಬರೇ ಕುಳಿತು ಕೇಳಿದರೆ ಈ ಉಬ್ಬು ಮೂಗಿನ ದನಿಯಂತೆಯೇ ಕೇಳಿಸುತ್ತದೆ.

ಈಗ ಬ್ಯಾಂಡಿನ ಜೊತೆ ನುಡಿಸಿ. ಕೆಳಗಿನ ಜಾಗವನ್ನು ಬೇಸ್ ಗಿಟಾರ್ ಮತ್ತು ಡ್ರಮ್ಸ್ ಆಗಲೇ ಹಿಡಿದುಕೊಂಡಿವೆ, ಮೇಲಿನ ಜಾಗ ಸಿಂಬಲ್‌ಗಳದ್ದು. ಗಿಟಾರಿಗೆ ಉಳಿದಿರುವುದು ನಡುಭಾಗ ಮಾತ್ರ, ಪೆಡಲ್ ಅದನ್ನಷ್ಟೇ ಎತ್ತಿ ಹಿಡಿಯುತ್ತದೆ. ಮನೆಯಲ್ಲಿ ಬೇಸ್ ಮತ್ತು ಟ್ರೆಬಲ್ ಏರಿಸಿ, ಮಿಡ್ ಇಳಿಸಿ, ಗಂಟೆಗಟ್ಟಲೆ ಹೊಂದಿಸಿದ ಸುಂದರ ನಾದ ವೇದಿಕೆಯಲ್ಲಿ ಮಾಯವಾಗುವುದಕ್ಕೂ ಇದೇ ಕಾರಣ. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಅಷ್ಟಾಗಿ ಕೇಳಿಸುವುದಿಲ್ಲ, ಆದ್ದರಿಂದ ಮನೆಯಲ್ಲಿ ಅದನ್ನು ಅತಿಯಾಗಿ ಏರಿಸಿರುತ್ತೇವೆ. ಜೋರಾಗಿ ನುಡಿಸಿದಾಗ ಅದು ಗೊಂದಲವಾಗಿ ಉಕ್ಕುತ್ತದೆ. ಈ ಪೆಡಲನ್ನು ಮೆಚ್ಚಬೇಕೋ ಬೇಡವೋ ಎಂಬ ತೀರ್ಮಾನವನ್ನು ಒಬ್ಬರೇ ಕುಳಿತು ಮಾಡಬೇಡಿ. ಕೊನೆಯ ಪಕ್ಷ ಹಾಡೊಂದನ್ನು ಹಾಕಿಕೊಂಡು ಅದರೊಂದಿಗೆ ನುಡಿಸಿ ನೋಡಿ.

ಮೆಟಲ್ ನುಡಿಸುವವರು ಡ್ರೈವ್ ಸೊನ್ನೆಗೆ, ಲೆವೆಲ್ ಪೂರ್ತಿಗೆ ಇಡುತ್ತಾರಂತೆ. ಇದೇನು ವಿಚಿತ್ರ?

ವಿಚಿತ್ರವಲ್ಲ, ಜಾಣತನ. ಅವರಿಗೆ ಪೆಡಲ್‌ನ ಒರಟುತನ ಬೇಡ. ಅದು ಅವರ ಆಂಪಿನಲ್ಲೇ ಬೇಕಾದಷ್ಟಿದೆ. ಬೇಕಾಗಿರುವುದು ಆಂಪಿಗೆ ಹೋಗುವ ಮೊದಲೇ ಬೇಸನ್ನು ಹಿಂದಕ್ಕೆ ಸರಿಸುವ ಕೆಲಸ. ದಪ್ಪ ತಂತಿಗಳ ಬೇಸ್ ನೇರವಾಗಿ ಹೆಚ್ಚು ಗೇನ್ (ಹಿಗ್ಗಿಸುವ ಶಕ್ತಿ) ಇರುವ ಆಂಪಿಗೆ ನುಗ್ಗಿದರೆ ನಾದ ರಾಡಿಯಾಗುತ್ತದೆ. ವೇಗದ ಮೀಟುಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಪೆಡಲ್ ಮುಂದಿದ್ದರೆ ಪ್ರತಿ ಮೀಟೂ ಬಿಡಿಬಿಡಿಯಾಗಿ ಕೇಳುತ್ತದೆ. ಬ್ಲೂಸ್ ಮನಸ್ಸಿನಲ್ಲಿಟ್ಟು ಮಾಡಿದ ಪೆಡಲ್ ಮೆಟಲ್ ವಾದಕರ ಖಾಯಂ ಸಂಗಾತಿಯಾದದ್ದು ಹೀಗೆ.

ಸಾಲಿನಲ್ಲಿ ಓವರ್‌ಡ್ರೈವ್ ಎಲ್ಲಿರಬೇಕು? ಎರಡು ಓವರ್‌ಡ್ರೈವ್ ಒಟ್ಟಿಗೆ ಹಾಕಬಹುದೇ?

ವಾ (ಕಾಲಿನಿಂದ ತುಳಿದು ‘ವಾ-ವಾ’ ದನಿ ಹೊರಡಿಸುವ ಪೆಡಲ್) ಮತ್ತು ಫಝ್ ಅದಕ್ಕಿಂತ ಮೊದಲು, ಡಿಲೇ ಮತ್ತು ರಿವರ್ಬ್ ಅದರ ನಂತರ. ಪ್ರತಿಧ್ವನಿಯನ್ನು ಒರಟು ಮಾಡಿದರೆ ಕೆಸರು. ಒರಟು ನಾದಕ್ಕೆ ಪ್ರತಿಧ್ವನಿ ಕೊಟ್ಟರೆ ಸೊಗಸು. ಹಳೆಯ ಬಗೆಯ ಫಝ್ ಮಾತ್ರ ಗಿಟಾರಿಗೆ ನೇರವಾಗಿ ಅಂಟಿಕೊಂಡೇ ಇರಬೇಕು. ನಡುವೆ ಬಫರ್ (ಸಿಗ್ನಲಿಗೆ ಬಲ ಕೊಟ್ಟು ಮುಂದೆ ಕಳುಹಿಸುವ ಸಣ್ಣ ಸರ್ಕ್ಯೂಟ್) ಬಂದರೆ ಅದರ ಸ್ವಭಾವವೇ ಬದಲಾಗುತ್ತದೆ.

ಎರಡನ್ನು ಒಟ್ಟಿಗೆ ಧಾರಾಳವಾಗಿ ಹಾಕಿ. ಮೊದಲನೆಯದರ ಲೆವೆಲ್ ಏರಿಸಿದರೆ ಎರಡನೆಯದರ ಒರಟುತನ ಹೆಚ್ಚುತ್ತದೆ, ಸದ್ದಿನ ಪ್ರಮಾಣ ಅಷ್ಟಾಗಿ ಹೆಚ್ಚದು. ಎರಡನೆಯದರ ಲೆವೆಲ್ ಏರಿಸಿದರೆ ಸದ್ದು ಜೋರಾಗುತ್ತದೆ. ಸೋಲೋ ಹೊತ್ತಿಗೆ ಯಾವುದು ಬೇಕೆಂದು ನೋಡಿ ಕ್ರಮ ತೀರ್ಮಾನಿಸಿ. ಒಂದೇ ವಂಶದ ಎರಡನ್ನು ಸೇರಿಸಿದರೆ ನಡುವಿನ ಉಬ್ಬು ಇಮ್ಮಡಿಯಾಗುತ್ತದೆ ಎಂಬುದಷ್ಟೇ ಎಚ್ಚರಿಕೆ.

ಆಂಪ್ ಹಿಂದಿನ ಎಫೆಕ್ಟ್ಸ್ ಲೂಪ್‌ಗೆ ಇದನ್ನು ಹಾಕಲೇ?

ಬೇಡ. ಆಂಪಿನ ಮುಂದೆಯೇ ಇದರ ಜಾಗ. ಆಂಪಿನ ಮೊದಲ ಹಂತ ದಾಟಿದ ಮೇಲೆ ಬರುವ ಲೂಪಿನಲ್ಲಿ ಸಿಗ್ನಲ್ ಆಗಲೇ ದೊಡ್ಡದಾಗಿರುವುದರಿಂದ ಪೆಡಲ್ ಸದಾ ಮಿತಿ ಮೀರಿದ ಸ್ಥಿತಿಯಲ್ಲೇ ಇರುತ್ತದೆ, ಮೀಟಿನ ಏರಿಳಿತ ಕಳೆದುಹೋಗುತ್ತದೆ.

ಡ್ರೈವ್ ಏರಿಸಿದರೆ ಸುಯ್ ಎನ್ನುವ ಸದ್ದು. ಪೆಡಲ್ ಕಳಪೆಯೇ?

ಟ್ಯೂಬ್ ಸ್ಕ್ರೀಮರ್ ಡ್ರೈವ್ ಪೂರ್ತಿ ಏರಿಸಿದಾಗ ಸಿಗ್ನಲನ್ನು ಸುಮಾರು 118 ಪಟ್ಟು ಹಿಗ್ಗಿಸುತ್ತದೆ. ಗಿಟಾರಿನ ನಾದದ ಜೊತೆ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಅಯಸ್ಕಾಂತ ಮತ್ತು ಸುರುಳಿ) ಹಿಡಿದ ಗುಂಯ್‌ಗುಡುವಿಕೆ, ತಂತಿಗಳ ಸದ್ದು, ರೆಸಿಸ್ಟರ್‌ಗಳ ಸಹಜ ಸುಯ್ಯಾಟ ಎಲ್ಲವೂ ಹಿಗ್ಗುತ್ತವೆ. ಪರೀಕ್ಷೆ ಸುಲಭ: ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ. ಗುಂಯ್‌ಗುಡುವಿಕೆ ನಿಂತರೆ ಅದು ಪಿಕಪ್‌ನಿಂದ ಬಂದದ್ದು; ಒಂದೇ ಸುರುಳಿಯ (ಸಿಂಗಲ್ ಕಾಯಿಲ್) ಪಿಕಪ್ ಆದರೆ ದಿಕ್ಕು ಬದಲಿಸಿ ಕುಳಿತುಕೊಳ್ಳಿ, ಟ್ರಾನ್ಸ್‌ಫಾರ್ಮರ್‌ಗಳಿಂದ ದೂರ ಸರಿಯಿರಿ. ನಿಲ್ಲದಿದ್ದರೆ ಅಡಾಪ್ಟರನ್ನು ಶಂಕಿಸಿ, ಬ್ಯಾಟರಿ ಹಾಕಿ ನೋಡಿ. ತೆಳ್ಳಗೆ ಕೀರಲು ದನಿ ಬರುತ್ತಿದ್ದರೆ ಒಂದೇ ಅಡಾಪ್ಟರನ್ನು ಹಂಚಿಕೊಂಡಿರುವ ಡಿಜಿಟಲ್ ಪೆಡಲ್ ಅದಕ್ಕೆ ಕಾರಣವಾಗಿರುವುದು ಹೆಚ್ಚು.

ಗಿಟಾರಿನ ವಾಲ್ಯೂಮ್ ಇಳಿಸಿದರೆ ನಾದ ಶುದ್ಧವಾಗುತ್ತದೆ ಎನ್ನುತ್ತಾರೆ, ನನಗೆ ಆಗುತ್ತಿಲ್ಲ.

ಡ್ರೈವ್ ಹೆಚ್ಚಾಗಿದೆ. ಈ ವಂಶದಲ್ಲಿ ಇನ್ನೊಂದು ಸಂಗತಿ ಇದೆ: ಡ್ರೈವ್ ಸೊನ್ನೆಯಲ್ಲಿದ್ದರೂ ಸಿಗ್ನಲ್ ಸುಮಾರು 12 ಪಟ್ಟು ಹಿಗ್ಗುತ್ತದೆ. ಜೋರಾಗಿ ಮೀಟಿದಾಗ ಪಿಕಪ್‌ನಿಂದ ಒಂದೆರಡು ನೂರು ಮಿಲಿವೋಲ್ಟ್ ಬಂದರೆ ಸಾಕು, ತರಂಗದ ನೆತ್ತಿ ಕತ್ತರಿಸುವ ಬಿಡಿಭಾಗಗಳಾದ ಡಯೋಡ್‌ಗಳು ಕೆಲಸ ಶುರು ಮಾಡುತ್ತವೆ. ಅಂದರೆ ಈ ಪೆಡಲ್ ಪೂರ್ಣ ಶುದ್ಧ ಎನ್ನುವ ಸ್ಥಿತಿಗೆ ಬರುವುದೇ ಇಲ್ಲ. ಗಿಟಾರಿನ ವಾಲ್ಯೂಮನ್ನು ಅರ್ಧಕ್ಕಿಂತ ಕೆಳಗಿಳಿಸಿ, ಪಿಕ್ಕನ್ನು ಸಡಿಲವಾಗಿ ಹಿಡಿದು ಮೀಟಿ. ವಾಲ್ಯೂಮ್ ಇಳಿಸಿದಾಗ ಟ್ರೆಬಲ್ ಕೂಡ ಸತ್ತರೆ, ಗಿಟಾರಿನ ವಾಲ್ಯೂಮ್ ಪಾಟ್‌ಗೆ (ನಾಬಿನ ಕೆಳಗೆ ತಿರುಗುವ ಭಾಗ) ಟ್ರೆಬಲ್ ಉಳಿಸುವ ಸಣ್ಣ ಕೆಪಾಸಿಟರ್ ಹಾಕಿಸಬಹುದು.

ಆಂಪೇ ಇಲ್ಲ, ಕಂಪ್ಯೂಟರಿಗೆ ನೇರ ಜೋಡಿಸುತ್ತೇನೆ. ಪೆಡಲ್ ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ, ಆದರೆ ಪೆಡಲ್‌ನ ನಂತರ ಆಂಪ್ ಮತ್ತು ಸ್ಪೀಕರ್ ಅನುಕರಿಸುವ ಸಾಫ್ಟ್‌ವೇರ್ ಇರಲೇಬೇಕು. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್‌ನ ಮೇಲಿನದನ್ನು ಹೆಚ್ಚಾಗಿ ಬಿಡುವುದೇ ಇಲ್ಲ. ಆ ಸೋಸುವಿಕೆ ಇಲ್ಲದೆ ಹೆಡ್‌ಫೋನಿನಲ್ಲಿ ಕೇಳಿದರೆ ಯಾವ ಓವರ್‌ಡ್ರೈವ್ ಆದರೂ ಜೇನುಹುಳುವಿನ ಗೂಡಿನಂತೆ ಕೇಳಿಸುತ್ತದೆ.

ಬೇಸ್ ಗಿಟಾರಿಗೆ ಆಗುತ್ತದೆಯೇ?

ಶುದ್ಧ ಸಿಗ್ನಲನ್ನು ಬೆರೆಸುವ ಬ್ಲೆಂಡ್ ನಾಬ್ ಇದ್ದರೆ ಆಗುತ್ತದೆ. ಇಲ್ಲದಿದ್ದರೆ ಬುಡವೇ ಹೋಗುತ್ತದೆ.

## ಡಬ್ಬಿ ಬಿಚ್ಚಿದವರಿಗೆ

ಡಯೋಡ್ ಎಲ್ಲಿದೆ ಎಂಬುದು ಅಷ್ಟು ಮುಖ್ಯವೇ? ಎಲ್ಲಿದ್ದರೂ ಕತ್ತರಿಸುವುದು ತಾನೇ?

ನನ್ನ ಲೆಕ್ಕದಲ್ಲಿ ಇಡೀ ಪೆಡಲಿನಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಡಿಸ್ಟಾರ್ಷನ್ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಸಿಗ್ನಲ್ ಪೂರ್ತಿ ಹಿಗ್ಗಿದ ಮೇಲೆ ಡಯೋಡ್‌ಗಳು ಅದನ್ನು ಗ್ರೌಂಡಿಗೆ ಎಳೆಯುತ್ತವೆ. ಸಿಲಿಕಾನ್ ಆದರೆ ಸುಮಾರು 0.6 ವೋಲ್ಟ್, ಅದರಾಚೆಗಿನದೆಲ್ಲ ಕತ್ತು ಕೊಯ್ದಂತೆ ಹೋಗುತ್ತದೆ. ಮೆಲ್ಲಗೆ ಮೀಟಿ, ಜೋರಾಗಿ ಮೀಟಿ, ಹೊರಬರುವ ಎತ್ತರ ಒಂದೇ.

ಟ್ಯೂಬ್ ಸ್ಕ್ರೀಮರ್‌ನಲ್ಲಿ ಡಯೋಡ್‌ಗಳು ಆಪ್‌ಆಂಪ್‌ನ (ಸಿಗ್ನಲ್ ಹಿಗ್ಗಿಸುವ ಚಿಪ್) ಫೀಡ್‌ಬ್ಯಾಕ್ ದಾರಿಯಲ್ಲಿವೆ, ಅಂದರೆ ಹೊರಬಂದ ಸಿಗ್ನಲಿನ ಪಾಲು ಮತ್ತೆ ಒಳಗೆ ಮರಳುವ ದಾರಿಯಲ್ಲಿ. ಸಿಗ್ನಲ್ 0.6 ವೋಲ್ಟಿನ ಹತ್ತಿರ ಬಂದಂತೆ ಅವು ಆಪ್‌ಆಂಪ್‌ನ ಹಿಗ್ಗಿಸುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಆದರೆ ಎಷ್ಟೇ ಕುಗ್ಗಿಸಿದರೂ ಅದು ಒಂದು ಪಟ್ಟಿಗಿಂತ ಕೆಳಗಿಳಿಯುವುದಿಲ್ಲ. ಆದ್ದರಿಂದ ಹೊರಬರುವುದರಲ್ಲಿ ಎರಡು ಪದರ: ಕತ್ತರಿಸಲ್ಪಟ್ಟ ತರಂಗ, ಅದರ ಮೇಲೆ ಸವಾರಿ ಮಾಡುವ, ಗಿಟಾರಿನಿಂದ ಬಂದಂತೆಯೇ ಇರುವ ಮೂಲ ತರಂಗ. ಆ ಎರಡನೆಯ ಪದರದಲ್ಲಿ ನಿಮ್ಮ ಬೆರಳ ಏರಿಳಿತ ಪೂರ್ತಿಯಾಗಿ ಉಳಿದಿರುತ್ತದೆ. ಈ ಪೆಡಲ್ ಕೈಗೆ ಓಗೊಡುತ್ತದೆ ಎಂದು ವಾದಕರು ಹೇಳುವುದರ ಹಿಂದೆ ಇರುವುದು ಇದೇ. ಹೆಚ್ಚಿನ ದಂತಕತೆಗಳಿಗೆ ಇಂತಹ ಗಟ್ಟಿ ಕಾರಣ ಇರುವುದಿಲ್ಲ.

ಇನ್ನು ಸಮ, ವಿಷಮದ ಮಾತು. ಟ್ಯೂಬ್ ಸ್ಕ್ರೀಮರ್ ತರಂಗದ ಎರಡೂ ಬದಿಯನ್ನು ಸಮನಾಗಿ ಕತ್ತರಿಸುತ್ತದೆ, ಅದರಿಂದ ಬೆಸ ಸಂಖ್ಯೆಯ ಹಾರ್ಮೋನಿಕ್‌ಗಳು (ಮೂಲ ಸ್ವರದ ಮೂರು, ಐದು ಪಟ್ಟು ಹೀಗೆ ಮೇಲಿನ ಸ್ವರಗಳು) ಹುಟ್ಟುತ್ತವೆ. ಓಡಿ-1 ಮತ್ತು ಎಸ್‌ಡಿ-1ರಲ್ಲಿ ಒಂದು ಬದಿಗೆ ಎರಡು ಡಯೋಡ್, ಇನ್ನೊಂದು ಬದಿಗೆ ಒಂದು. ಸಮ ಸಂಖ್ಯೆಯವೂ ಸೇರಿಕೊಂಡು ನಾದ ತುಸು ತೆರೆದುಕೊಳ್ಳುತ್ತದೆ.

ಜರ್ಮೇನಿಯಂ ಡಯೋಡ್ ಹಾಕಿದರೆ ನಾದ ಬೆಚ್ಚಗಾಗುತ್ತದೆಯಂತೆ. ಬದಲಿಸಲೇ?

ಬದಲಿಸಿ ನೋಡುವುದಕ್ಕೆ ಅಡ್ಡಿಯಿಲ್ಲ, ಆದರೆ ಹೋಲಿಸುವಾಗ ಸದ್ದನ್ನು ಸಮ ಮಾಡಿಕೊಳ್ಳಿ. ಜರ್ಮೇನಿಯಂ ಸುಮಾರು 0.3 ವೋಲ್ಟಿನಲ್ಲೇ ಕತ್ತರಿಸತೊಡಗುತ್ತದೆ, ಎಲ್‌ಇಡಿ 1.7 ವೋಲ್ಟಿನ ಆಸುಪಾಸಿನಲ್ಲಿ. ಹಾಗಾಗಿ ಜರ್ಮೇನಿಯಂ ಹಾಕಿದರೆ ಸದ್ದು ಕುಗ್ಗಿ, ಒತ್ತಿದಂತಾಗುತ್ತದೆ. ಎಲ್‌ಇಡಿ ಹಾಕಿದರೆ ಜೋರಾಗಿ, ವಿಶಾಲವಾಗಿ ಕೇಳುತ್ತದೆ. ಜರ್ಮೇನಿಯಂ ತಿರುವು ಹೆಚ್ಚು ನಯವಾಗಿರುವುದೂ ನಿಜ. ಬಿಲ್ ಫಿನಗನ್ 1994ರಲ್ಲಿ ಹೊರತಂದ ಕ್ಲೋನ್ ಸೆಂಟಾರ್‌ನಲ್ಲಿ ಜರ್ಮೇನಿಯಂ ಡಯೋಡ್‌ಗಳೇ ಇವೆ. ಆದರೆ ಅದರ ನಾದದಲ್ಲಿ ಡಯೋಡ್‌ಗಳಷ್ಟೇ ಪಾಲು, ಜೊತೆಯಲ್ಲಿ ಬೆರೆಯುವ ಶುದ್ಧ ಸಿಗ್ನಲಿನದೂ ಇದೆ. ಡಯೋಡನ್ನು ಮಾತ್ರ ಎತ್ತಿ ಬೇರೆ ಸರ್ಕ್ಯೂಟಿಗೆ ನೆಟ್ಟರೆ ಆ ನಾದ ಹಿಂಬಾಲಿಸಿ ಬರುವುದಿಲ್ಲ.

4558 ಚಿಪ್ ಇಲ್ಲದಿದ್ದರೆ ಅಸಲಿ ನಾದ ಬರುವುದಿಲ್ಲವೇ?

ಬರುತ್ತದೆ. ಜೆಆರ್‌ಸಿ4558ಡಿ ಆ ಕಾಲದಲ್ಲಿ ಸುಲಭವಾಗಿ ಸಿಗುತ್ತಿದ್ದ ಸಾಮಾನ್ಯ ಆಪ್‌ಆಂಪ್, ಇಂದಿಗೂ ಸಿಗುತ್ತದೆ. ಚಿಪ್ ಬದಲಿಸಿದರೆ ಆಗುವ ವ್ಯತ್ಯಾಸ, ಟೋನ್ ನಾಬನ್ನು ಕೂದಲೆಳೆಯಷ್ಟು ತಿರುಗಿಸಿದರೆ ಆಗುವುದಕ್ಕಿಂತ ದೊಡ್ಡದಲ್ಲ ಎಂಬುದು ನನ್ನ ಅನುಭವ. ಟಿಎಸ್808 ಮತ್ತು ಟಿಎಸ್9ರ ನಡುವೆ ಜನ ಬೆಟ್ಟದಷ್ಟು ಅಂತರ ಹೇಳುತ್ತಾರಲ್ಲ, ಸರ್ಕ್ಯೂಟಿನಲ್ಲಿ ನೋಡಿದರೆ ಹೊರಬಾಗಿಲಿನ ಎರಡು ರೆಸಿಸ್ಟರ್‌ಗಳು ಬದಲಾಗಿವೆ: 100 ಓಮ್ ಇದ್ದದ್ದು 470, 10 ಕಿಲೋಓಮ್ ಇದ್ದದ್ದು 100 ಕಿಲೋಓಮ್. ಅಷ್ಟೇ.

18 ವೋಲ್ಟ್ ಕೊಟ್ಟರೆ ನಾದ ಬಿಚ್ಚಿಕೊಳ್ಳುತ್ತದೆಯೇ?

ಟ್ಯೂಬ್ ಸ್ಕ್ರೀಮರ್ ಬಗೆಯದರಲ್ಲಿ ಬಹುಮಟ್ಟಿಗೆ ಇಲ್ಲ. ಕತ್ತರಿಸುವುದು ಡಯೋಡ್, ಅದೂ 0.6 ವೋಲ್ಟಿನಲ್ಲಿ, 9 ವೋಲ್ಟಿನಲ್ಲೇ ಆಪ್‌ಆಂಪ್‌ಗೆ ಅದಕ್ಕಿಂತ ಎಷ್ಟೋ ಹೆಚ್ಚು ಜಾಗ ಇದೆ. ಶುದ್ಧ ಸಿಗ್ನಲನ್ನು ದೊಡ್ಡದಾಗಿ ಬೆರೆಸುವ ಅಥವಾ ಆಪ್‌ಆಂಪನ್ನೇ ಮಿತಿ ಮೀರಿಸುವ ವಿನ್ಯಾಸಗಳಲ್ಲಿ ವ್ಯತ್ಯಾಸ ಕೇಳಿಸುತ್ತದೆ. ತಯಾರಕರು 18 ವೋಲ್ಟ್ ಆಗುತ್ತದೆ ಎಂದು ಬರೆದಿರದಿದ್ದರೆ ಪ್ರಯತ್ನಿಸಬೇಡಿ. ಒಳಗಿನ ಕೆಪಾಸಿಟರ್‌ಗಳು 16 ವೋಲ್ಟಿನವಾಗಿದ್ದರೆ ಸಿಡಿಯಬಹುದು.

ಟ್ರೂ ಬೈಪಾಸ್ ಇಲ್ಲದ ಪೆಡಲ್ ನಾದವನ್ನು ತಿನ್ನುತ್ತದೆಯೇ?

ಟ್ರೂ ಬೈಪಾಸ್ ಎಂದರೆ ಪೆಡಲ್ ಆಫ್ ಆದಾಗ ಸಿಗ್ನಲ್ ಸರ್ಕ್ಯೂಟನ್ನು ಮುಟ್ಟದೆ ನೇರವಾಗಿ ದಾಟಿಹೋಗುವುದು. ಎಷ್ಟೋ ಸಲ ನಾದವನ್ನು ತಿನ್ನುವುದು ಕೇಬಲ್. ಪ್ರತಿ ಮೀಟರ್ ಕೇಬಲ್‌ಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಉದ್ದದ ಕೇಬಲ್, ಸಾಲಿನಲ್ಲಿ ಎಂಟು ಟ್ರೂ ಬೈಪಾಸ್ ಪೆಡಲ್, ಆಮೇಲೆ ಇನ್ನೊಂದು ಉದ್ದದ ಕೇಬಲ್: ಎಲ್ಲ ಆಫ್ ಆಗಿದ್ದಾಗ ಗಿಟಾರಿನ ಪಿಕಪ್ ಅಷ್ಟನ್ನೂ ಒಂಟಿಯಾಗಿ ಎಳೆಯಬೇಕು, ಟ್ರೆಬಲ್ ಸೋರಿಹೋಗುತ್ತದೆ. ಹಳೆಯ ಟ್ಯೂಬ್ ಸ್ಕ್ರೀಮರ್ ಮತ್ತು ಬಾಸ್ ಪೆಡಲ್‌ಗಳು ಆಫ್ ಆಗಿದ್ದಾಗಲೂ ಬಫರ್ ಮೂಲಕವೇ ಸಿಗ್ನಲ್ ಕಳುಹಿಸುತ್ತವೆ, ಅಲ್ಲಿಂದ ಮುಂದಿನ ಕೇಬಲ್ ಭಾರವಾಗುವುದಿಲ್ಲ. ಒಂದೆರಡು ಪೆಡಲ್, ಗಿಡ್ಡ ಕೇಬಲ್ ಇದ್ದರೆ ಯಾವುದಾದರೂ ಸರಿ. ಸಾಲು ಉದ್ದವಾದರೆ ಒಂದು ಒಳ್ಳೆಯ ಬಫರ್ ಇರಲಿ.

ಒಂದೇ ಮಾದರಿಯ ಎರಡು ಹಳೆಯ ಪೆಡಲ್ ನುಡಿಸಿದೆ, ಒಂದು ಅದ್ಭುತ, ಇನ್ನೊಂದು ಸಪ್ಪೆ. ಅಸಲಿ ಹಳೆಯದನ್ನೇ ಹುಡುಕಬೇಕೇ, ಹೊಸದು ಸಾಕೇ?

ಎರಡೂ ಬೇರೆ ಕೇಳಿಸಿದ್ದು ಸಹಜ. ಪಾಟ್‌ಗಳ ಬೆಲೆಯಲ್ಲಿ 20 ಶೇಕಡಾ ಹೆಚ್ಚುಕಡಿಮೆ ಇರುವುದು ಮಾಮೂಲು. 500 ಕಿಲೋಓಮ್ ಎಂದು ಬರೆದದ್ದು 400 ಇರಬಹುದು, 600 ಇರಬಹುದು. ಕೆಪಾಸಿಟರ್‌ಗಳೂ ಹಾಗೆಯೇ ಏರುಪೇರಾಗಿ 720 ಹರ್ಟ್ಸ್ ಎಂಬ ಆ ಅಂಚು ಅತ್ತಿತ್ತ ಸರಿಯುತ್ತದೆ. ಅದರ ಮೇಲೆ ವಯಸ್ಸು: ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ದಶಕಗಳು ಕಳೆದಂತೆ ಒಣಗುತ್ತವೆ. ನಿಮಗೆ ಸಪ್ಪೆ ಎನಿಸಿದ್ದು ಬಿಡಿಭಾಗ ಬದಲಿಸಿದರೆ ಚೇತರಿಸಿಕೊಳ್ಳಬಹುದು.

ನಾದಕ್ಕಾಗಿಯಾದರೆ ಹೊಸದು ಸಾಕು. ಹಳೆಯ ಕಾರ್ಬನ್ ರೆಸಿಸ್ಟರ್ ಹಾಕಿದ್ದೇವೆ ಎಂದು ಬೀಗುವ ಜಾಹೀರಾತನ್ನು ದಾಟಿ ಮುಂದೆ ಹೋಗಿ. 9 ವೋಲ್ಟಿನಲ್ಲಿ ಅವು ಸೇರಿಸುವುದು ಒಂದಿಷ್ಟು ಸುಯ್ಯಾಟವನ್ನು ಮಾತ್ರ. ಡಯೋಡ್ ಯಾವ ದಾರಿಯಲ್ಲಿದೆ, ಬೇಸ್ ಎಲ್ಲಿಂದ ಇಳಿಯುತ್ತದೆ, ಲೆವೆಲ್‌ಗೆ ಎಷ್ಟು ತಾಕತ್ತಿದೆ: ಇವು ಮೂರು ಸರಿಯಾಗಿದ್ದರೆ ಪೆಡಲ್ ಕಳೆದ ವಾರ ತಯಾರಾಗಿದ್ದರೂ ಹಳೆಯ ನಾದವನ್ನೇ ಕೊಡುತ್ತದೆ. ಸಂಗ್ರಹಕ್ಕಾಗಿ ಅಸಲಿಯನ್ನು ಹುಡುಕುವವರು ಮೊದಲು ತಳದ ಮುಚ್ಚಳ ಬಿಚ್ಚಿಸಿ ನೋಡಲಿ. ಬೆಸುಗೆಗಳು ಮೂಲದವೇ, ಚಿಪ್ ಬದಲಾಗಿದೆಯೇ, ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದಿದೆಯೇ ಎಂಬುದು ಅಲ್ಲಿ ಕಾಣುತ್ತದೆ. ಬಿಚ್ಚಲು ಬಿಡದ ಮಾರಾಟಗಾರರಿಂದ ಕೊಳ್ಳಬೇಡಿ.